ಎಲೆಯಡಿಕೆ ಸಂಚಿಯ ಗುಳಿಗೆ

ಹಳಿಯಾಳದ ಬಸ್ಸಿನಲ್ಲಿ ಮಗಳನ್ನು ಮಲಗಿಸಲೂ ಬಿಡದೆ ಪಕ್ಕದ ಸೀಟಿನ ಅಜ್ಜಿ ಮತ್ತೆ ಬಾಯಿ ಹಾಕಿದಳು. ಮೊದಲು ಮಗುವಿನ ಟೊಪ್ಪಿಗೆಯ ತಕರಾರು, ಈಗ ನನ್ನ ಮಾವನ ಮೊಣಕಾಲು ನೋವು. "ಇದನ್ನ ನುಂಗ್ರಿ" ಎಂದು ಎಲೆಯಡಿಕೆ ಸಂಚಿಯಿಂದ ಗುಳಿಗೆ ತೆಗೆದಳು. ಡಾಕ್ಟರು ಮಾವನಿಗೆ ಬಿಡಿಸಿದ್ದ ಅದೇ ನೋವಿನ ಗುಳಿಗೆ. ಮಾವ ಕೈ ಚಾಚಿಯೇಬಿಟ್ಟರು.

ನಾನು ಕೈ ಅಡ್ಡ ಹಿಡಿದೆ. "ಬ್ಯಾಡ್ರಿ ಮಾವಾರ. ಹೃದಯಕ್ಕ ಸ್ಟೆಂಟ್ ಹಾಕ್ಯಾರ, ರಕ್ತ ತೆಳ್ಳಗ ಮಾಡೂ ಗುಳಿಗಿ ನಡದೈತಿ. ಅದರ ಜೋಡಿ ಇದನ್ನ ನುಂಗಿದ್ರ ಹೊಟ್ಟ್ಯಾಗ ರಕ್ತ ಸೋರಬಹುದು. ಡಾಕ್ಟರು ಪ್ಯಾರಾಸಿಟಮಾಲ್ ಅಷ್ಟ ಅಂದಾರ."

"ಹತ್ತನೇ ಕ್ಲಾಸ್ ಕಲ್ತು ಡಾಕ್ಟರ್ ಆಗ್ಯಾಳ" ಎಂದು ಮಾವ ಗೊಣಗಿದರು.

"ಆಗೇನಿ. ನೀವು ಪೇಶಂಟ್ ಆಗಬ್ಯಾಡ್ರಿ."

ಅಜ್ಜಿ ನಗಲಿಲ್ಲ. "ನನಗೂ ಸ್ಟೆಂಟ್ ಐತೆವ್ವಾ. ದಿನಾ ಇದನ್ನ ನುಂಗತೇನಿ."

"ಇವತ್ತ ಡಾಕ್ಟರಿಗೆ ತೋರಸ್ರಿ. ರಕ್ತದ ಗುಳಿಗಿ ಮಾತ್ರ ನೀವಾಗೇ ಬಿಡಬ್ಯಾಡ್ರಿ."

"ತೋರಸ್ತೇನಿ. ಆದ್ರ ಇಷ್ಟು ದಿನಾ ನನಗ ಯಾರೂ ಯಾಕ ಹೇಳಲಿಲ್ಲ?"