ಮೂಳೆ ವಾರ್ಡಿನ ಕಿಟಕಿಗೆ ಕೆಂಪು ತೋರಣ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬಾಗಿಲಿನ ಚಿಲಕ ತೆಗೆದು ಮನ್ನೂಬಿಯಾ ವರಾಂಡಕ್ಕೆ ಬರುತ್ತಾರೆ. ಬಲಗಾಲು ಪ್ರತಿ ಹೆಜ್ಜೆಗೂ ಸ್ವಲ್ಪ ಹಿಂದೆ ಉಳಿಯುತ್ತದೆ, ಸೊಂಟ ಅದನ್ನು ಎಳೆದುಕೊಂಡು ಮುಂದೆ ತರುತ್ತದೆ. ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿದೆ. ಹೆಂಗಸರ ಮೂಳೆ ವಾರ್ಡಿನ ಏಳು ಕಿಟಕಿಗಳ ಹೊರಗೆ, ಕಂಬಿಯಿಂದ ಕಂಬಿಗೆ, ಕೆಂಪು ಮೆಣಸಿನಕಾಯಿಯ ಸರಗಳು ತೂಗುತ್ತಿವೆ. ಅವರು ಒಂದೊಂದು ಸರವನ್ನೂ ಮುಟ್ಟಿ ನೋಡುತ್ತಾರೆ. ಇಬ್ಬನಿಗೆ ಮೆತ್ತಗಾದ ಕಾಯಿ ಸಿಕ್ಕರೆ ಕಿತ್ತು ಬಕೆಟ್ಟಿಗೆ ಹಾಕುತ್ತಾರೆ.

"ಒಂದು ಕೊಳೆತ್ರೆ ಸಾಕು, ಪಕ್ಕದ್ದಕ್ಕೂ ಅಂಟಿಸುತ್ತೆ," ಎನ್ನುತ್ತಾರೆ ನನ್ನ ಕಡೆ ತಿರುಗದೆ. "ನಮ್ಮ ವಾರ್ಡ್ ಥರ ಅಲ್ಲ. ಇಲ್ಲಿ ಒಬ್ಬರ ಕಾಲು ಮುರಿದ್ರೆ ಇನ್ನೊಬ್ಬರದು ಮುರಿಯಲ್ಲ, ಹಮ್ದುಲಿಲ್ಲಾ."

ಸರಗಳ ತಪಾಸಣೆ ಮುಗಿಸಿ ಅವರು ಅಂಗಳಕ್ಕೆ ಇಳಿಯುತ್ತಾರೆ. ಲಾಂಡ್ರಿಯ ಗೋಡೆಗೆ ಒತ್ತಿಕೊಂಡು ಎಂಟು ಹೆಜ್ಜೆ ಉದ್ದದ ಒಂದು ಪಟ್ಟಿ ನೆಲ. ಮೊನ್ನೆ ಈ ಶರತ್ಕಾಲದ ಮೊದಲ ಮಳೆ ಬಿದ್ದಿದೆ, ಮಣ್ಣು ಹದವಾಗಿದೆ. ಕೊತ್ತಂಬರಿ ಆಗಲೇ ಎರಡೆಲೆ ಒಡೆದಿದೆ. ಅದರ ಪಕ್ಕದ ಸಾಲಿಗೆ ಬೆರಳಲ್ಲೇ ಗುಳಿ ಮಾಡಿ ಬೆಳ್ಳುಳ್ಳಿ ಎಸಳು ಊರುತ್ತಾರೆ. ಟೊಮೇಟೊ ಡಬ್ಬಗಳಲ್ಲಿ ಚೆಂಡುಹೂ, ಗೋಡೆಯ ಬುಡದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂರಿಸಿದ ಹನ್ನೊಂದು ಸಿಹಿಗುಂಬಳಕಾಯಿ. ಈ ಒಂದು ಗಂಟೆ ಆಸ್ಪತ್ರೆಯದ್ದಲ್ಲ, ಅವರದ್ದು. ಆರೂವರೆಗೆ ನೀಲಿ ಮೇಲಂಗಿ ತೊಟ್ಟರೆ ಅವರು ವಾರ್ಡಿನ ಕಸ ಗುಡಿಸುವ ಹೆಂಗಸು: ಹದಿನಾಲ್ಕು ಹಾಸಿಗೆ, ದಿನಕ್ಕೆ ಮೂರು ಸಲ ನೆಲ ಒರೆಸುವುದು, ಇಪ್ಪತ್ತೆರಡು ಬಕೆಟ್ ನೀರು, ಎಷ್ಟು ಬೆಡ್‌ಪ್ಯಾನ್ ಎಂದು ಅವರು ಎಣಿಸಿಲ್ಲ. "ಅದನ್ನ ಎಣಿಸಿದ್ರೆ ಊಟ ಸೇರಲ್ಲ," ಎನ್ನುತ್ತಾರೆ.

ವಾರ್ಡಿನಲ್ಲಿ ಎಲ್ಲರೂ ಅವರನ್ನು ಖಾಲ್ತಿ ಎಂದೇ ಕರೆಯುವುದು. ಚಿಕ್ಕಮ್ಮ. ಅವರಿಗಿಂತ ಹಿರಿಯರು ಕೂಡ.

ನಾನೂ ಹಾಗೆ ಕರೆದವಳೇ. ಕಳೆದ ವರ್ಷ ತರಗತಿಯಲ್ಲಿ ಭೂಪಟ ನೇತುಹಾಕಲು ಕುರ್ಚಿ ಹತ್ತಿ ಬಿದ್ದೆ. ಕಣಕಾಲು ಎರಡು ಕಡೆ ಮುರಿಯಿತು. ಅಕ್ಟೋಬರ್ ತಿಂಗಳ ಇಪ್ಪತ್ತೆರಡು ದಿನ ಐದನೇ ಹಾಸಿಗೆಯಲ್ಲಿ ಮಲಗಿದ್ದೆ. ನಮ್ಮ ಕಾಪ್ ಬೋನ್ ಕರಾವಳಿಯಲ್ಲಿ ಅಕ್ಟೋಬರ್ ಅಂದರೆ ಮನೆಮನೆಯ ಮುಂದೆಯೂ ಕೆಂಪು ತೋರಣ, ಓಣಿಗೆಲ್ಲ ಹರೀಸಾ ಎಂಬ ಮೆಣಸಿನಕಾಯಿ ಚಟ್ನಿ ರುಬ್ಬುವ ಘಾಟು, ಅಂಗಳದಲ್ಲಿ ಹೊಸ ಸೊಪ್ಪಿನ ಮಡಿ. ಅದೆಲ್ಲ ಈ ವರ್ಷ ನನ್ನ ಪಾಲಿಗಿಲ್ಲ ಅಂದುಕೊಂಡೇ ಸ್ಟ್ರೆಚರ್‌ನಲ್ಲಿ ಒಳಗೆ ಬಂದಿದ್ದೆ. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯ ತುಂಬ ಕೆಂಪು.

ಮನ್ನೂಬಿಯಾಗೆ ಈಗ ಐವತ್ತೆಂಟು. ಹನ್ನೊಂದನೇ ವಯಸ್ಸಿನಿಂದ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಬೆಳಿಗ್ಗೆ ಕತ್ತಲಿರುವಾಗಲೇ ಲಾರಿಯ ಹಿಂಬದಿಯಲ್ಲಿ ಮೂವತ್ತು ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತು ಹೋಗುವುದು, ಸಂಜೆ ಮೂಟೆಗಳ ಮೇಲೆ ಕೂತು ಬರುವುದು. ಮೂವತ್ತಾರನೇ ವಯಸ್ಸಿನಲ್ಲಿ, ಒಂದು ಆಗಸ್ಟ್ ಕೊನೆಯ ಸಂಜೆ, ಆ ಲಾರಿ ತಿರುವಿನಲ್ಲಿ ಮಗುಚಿತು. ಸೊಂಟದ ಮೂಳೆ ಒಡೆದು ಇದೇ ವಾರ್ಡಿಗೆ ಬಂದರು. ಒಂಬತ್ತನೇ ಹಾಸಿಗೆ.

"ಮೂರು ತಿಂಗಳು ಗೋಡೆ ನೋಡ್ದೆ ಮಗಳೇ. ಹಳದಿ ಗೋಡೆ. ಅದರಲ್ಲಿ ಎಲ್ಲೆಲ್ಲಿ ಬಿರುಕಿದೆ ಅಂತ ಈಗ್ಲೂ ಕಣ್ಣು ಮುಚ್ಚಿ ಹೇಳ್ತೀನಿ. ವಾಪಸ್ ಮನೆಗೆ ಹೋದಾಗ ಚಳಿಗಾಲ ಶುರುವಾಗಿತ್ತು. ಮೆಣಸಿನಕಾಯಿ ಕಾಲ ಬಂದು ಹೋಗಿತ್ತು, ಮಳೆ ಬಂದು ಹೋಗಿತ್ತು, ಆಲಿವ್ ಕುಯ್ದೂ ಆಗಿತ್ತು. ಕಾಲು ನೋವು ತಡ್ಕೊಂಡಿದ್ದೆ. ಅವತ್ತು ಮಾತ್ರ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ. ಯಾರೋ ನನ್ನ ವರ್ಷದಿಂದ ಒಂದು ತುಂಡು ಕಿತ್ಕೊಂಡು ಹೋದ ಹಾಗಾಗಿತ್ತು."

ಬಾಗಿ ಕೊಯ್ಯುವ ಕೆಲಸ ಇನ್ನು ಆಗದು ಎಂದು ಡಾಕ್ಟರು ಹೇಳಿದರು. ಆಗಿನ ಹೆಡ್ ನರ್ಸ್ ಪ್ರಯತ್ನದಿಂದ ಮರುವರ್ಷ ಇಲ್ಲೇ ಕಸ ಗುಡಿಸುವ ಕೆಲಸ ಸಿಕ್ಕಿತು. ಸೇರಿದ ಮೊದಲ ಸೆಪ್ಟೆಂಬರಿನಲ್ಲೇ ಒಂಬತ್ತನೇ ಹಾಸಿಗೆಯ ಎದುರಿನ ಗೋಡೆಗೆ ಮೊಳೆ ಹೊಡೆದು ಒಂದು ಮೆಣಸಿನಕಾಯಿ ಸರ ನೇತುಹಾಕಿದರು. ಮಾರನೇ ವರ್ಷ ಐದು ಸರ. ಆಮೇಲೆ ಗೋಡೆಗೆಲ್ಲ.

ಇಲ್ಲಿ ಒಂದು ತಪ್ಪೂ ಆಯಿತು. ಅದನ್ನು ಮುಚ್ಚಿಡಬೇಡ ಎಂದು ಅವರೇ ನನಗೆ ಹೇಳಿದ್ದಾರೆ. ಐದು ವರ್ಷದ ಹಿಂದೆ ಖದ್ದೂಜಾ ಎಂಬ ಅಜ್ಜಿ ತೊಡೆ ಮೂಳೆ ಮುರಿದುಕೊಂಡು ಬಂದಿದ್ದರು. ಅವರಿಗೆ ದಮ್ಮಿನ ಕಾಯಿಲೆ. ಒಣಗಿದ ಸರಗಳ ಘಾಟಿನ ಧೂಳು ಫ್ಯಾನಿನ ಗಾಳಿಗೆ ವಾರ್ಡಿನಲ್ಲೆಲ್ಲ ಹಾರುತ್ತಿತ್ತು. ಒಂದು ಮಧ್ಯಾಹ್ನ ಅಜ್ಜಿಗೆ ಉಸಿರು ಸಿಕ್ಕಿಕೊಂಡು ತುಟಿ ನೀಲಿಯಾಯಿತು. ಆಕ್ಸಿಜನ್ ಕೊಟ್ಟು ಉಳಿಸಿದರು. ಯಾರೂ ಬಾಯಿ ತೆರೆಯುವ ಮೊದಲೇ ಮನ್ನೂಬಿಯಾ ಏಣಿ ತಂದು ಎಲ್ಲ ಸರಗಳನ್ನೂ ಇಳಿಸಿದರು. ಮುಂದಿನ ಒಂದು ವರ್ಷ ಯಾವ ತೋರಣವೂ ಇಲ್ಲ, ಮಡಿಯಲ್ಲಿ ಒಂದು ಬೀಜವೂ ಇಲ್ಲ.

"ನೆಲ ಒರೆಸ್ತಿದ್ದೆ, ಮನೆಗೆ ಹೋಗ್ತಿದ್ದೆ. ನನ್ನ ಖುಷಿಗೋಸ್ಕರ ಒಂದು ಜೀವ ತೆಗೀತಿದ್ದೆನಲ್ಲ ಅಂತ."

ಆ ವ್ರತವನ್ನು ಮುರಿದವರು ಖದ್ದೂಜಾ ಅಜ್ಜಿಯೇ. ತಪಾಸಣೆಗೆಂದು ಕೋಲೂರಿಕೊಂಡು ಬಂದವರು ಬರಿಯ ಗೋಡೆ ನೋಡಿ ವಾರ್ಡಿನ ನಡುವೆ ನಿಂತು ಗದರಿದರಂತೆ: "ಏನೇ ಮನ್ನೂಬಿಯಾ, ಕೆಮ್ಮು ನಂದು, ಶಿಕ್ಷೆ ಇವರಿಗೆಲ್ಲಾನಾ? ಕಿಟಕಿಗೆ ಆಚೆ ಕಡೆ ಅಂತ ಒಂದಿರುತ್ತೆ, ಗೊತ್ತಿಲ್ವಾ ನಿಂಗೆ?"

ಹೀಗೆ ತೋರಣ ಹೊರಗೆ ಹೋಯಿತು. ಈಗಿನ ಹೆಡ್ ನರ್ಸ್ ನಜೀಹಾ ಷರತ್ತು ಹಾಕಿದರು: ಒಣ ಕಾಯಿ ಒಳಗೆ ಬರಬಾರದು, ಪೋಣಿಸುವುದೆಲ್ಲ ಹಸಿ ಕಾಯಿ, ಅದೂ ವರಾಂಡದಲ್ಲಿ, ಕೈಗವಸು ಹಾಕಿಕೊಂಡು. ದಮ್ಮಿನವರ ಹಾಸಿಗೆ ಆ ಹೊತ್ತಿಗೆ ಹೊರಗೆ ಬರುವಂತಿಲ್ಲ. ಆ ಷರತ್ತಿನಿಂದಲೇ ಒಳ್ಳೆಯದೊಂದು ಹುಟ್ಟಿತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಹಾಸಿಗೆಗಳನ್ನೇ ಚಕ್ರದ ಮೇಲೆ ವರಾಂಡಕ್ಕೆ ತಳ್ಳುತ್ತಾರೆ. ಕಾಲು ಮುರಿದರೂ ಕೈ ನೆಟ್ಟಗಿರುವವರೆಲ್ಲ ಸೂಜಿ ಹಿಡಿಯುತ್ತಾರೆ.

"ಇವರು ನನ್ನ ಹತ್ರ ಇಷ್ಟು ವರ್ಷದಲ್ಲಿ ರಜ ಕೇಳಿದ್ದು ಕಡಿಮೆ," ಎಂದು ನಗುತ್ತಾರೆ ನಜೀಹಾ. "ಕೇಳೋದೆಲ್ಲ ಖಾಲಿ ಡಬ್ಬ."

ಗುರುವಾರ ಮನ್ನೂಬಿಯಾ ಮನೆಯಿಂದ ಒಂದು ದೊಡ್ಡ ಪಾತ್ರೆ ಬರುತ್ತದೆ. ಬೇಯಿಸಿ ಮಸೆದ ಸಿಹಿಗುಂಬಳಕ್ಕೆ ಬೆಳ್ಳುಳ್ಳಿ, ಶಾಹಿಜೀರಿಗೆ, ಒಂದು ಚಮಚ ಹರೀಸಾ, ಮೇಲೆ ಧಾರಾಳವಾಗಿ ಆಲಿವ್ ಎಣ್ಣೆ. ಡಾಕ್ಟರು ಬೇಡ ಅಂದವರನ್ನು ಬಿಟ್ಟು ಉಳಿದವರಿಗೆ ಬ್ರೆಡ್ಡಿನ ಜೊತೆ. ಆಸ್ಪತ್ರೆಯ ಅಡುಗೆಯ ಅಬ್ಬಾಸ್ ಒಮ್ಮೆ ಸಿಟ್ಟಾಗಿ, "ನನ್ನ ಸೂಪಿಗೆ ಏನಾಗಿದೆ, ಹೇಳಿ ನೋಡೋಣ?" ಎಂದು ಕೇಳಿದ್ದು ನನ್ನೆದುರೇ.

"ಏನೂ ಆಗಿಲ್ಲ ಅಬ್ಬಾಸ್," ಎಂದರು ಮನ್ನೂಬಿಯಾ. "ಅದೇ ತೊಂದರೆ. ಅದರಲ್ಲಿ ಏನೂ ಆಗೇ ಇಲ್ಲ."

ಅಂದಿನಿಂದ ಅಬ್ಬಾಸ್ ಸೂಪಿಗೆ ಕೊತ್ತಂಬರಿ ಬೀಳುತ್ತಿದೆ. ಮಡಿಯಿಂದ ಕದ್ದದ್ದು ಎಂದು ಎಲ್ಲರಿಗೂ ಗೊತ್ತು.

ಈ ಲೇಖನ ಬರೆಯಲೇಬೇಕು ಅನ್ನಿಸಿದ್ದು ಮಾತ್ರ ಸಲ್ಹಾಳ ಕಾರಣಕ್ಕೆ. ನನ್ನ ಪಕ್ಕದ ಹಾಸಿಗೆ, ಮೂವತ್ತನಾಲ್ಕು ವರ್ಷ, ಹೊಲದ ಕೂಲಿ. ಅವಳಿದ್ದ ಲಾರಿ ಸಂಜೆ ಮರಳುವಾಗ ಅಣೆಕಟ್ಟಿನ ಹತ್ತಿರ ಉರುಳಿತ್ತು. ಎರಡೂ ಕಾಲು ಮೂಟೆಗಳಡಿ ಸಿಕ್ಕಿ ಮುರಿದಿದ್ದವು. ಇಬ್ಬರು ಉಳಿಯಲಿಲ್ಲ, ಅವರಲ್ಲಿ ಒಬ್ಬಳು ಅವಳ ನಾದಿನಿ. ಸಲ್ಹಾ ಮಾತಾಡುತ್ತಿರಲಿಲ್ಲ, ಕಣ್ಣು ಮುಚ್ಚಿಯೇ ಮಲಗಿರುತ್ತಿದ್ದಳು. ಊಟದ ತಟ್ಟೆ ಹಾಗೇ ವಾಪಸು ಹೋಗುತ್ತಿತ್ತು. ಮೊದಲ ಸಲ ಅವಳ ಹಾಸಿಗೆಯನ್ನು ವರಾಂಡಕ್ಕೆ ತಂದಾಗ ಎದುರಿನ ಕೆಂಪು ಸರಗಳನ್ನು ಕಂಡವಳೇ ಕಿರುಚಿದಳು.

"ತೆಗೀರಿ ಅದನ್ನ! ನನ್ನ ಕಣ್ಣೆದುರಿಂದ ತೆಗೀರಿ!"

ಎಲ್ಲರ ಸೂಜಿಯೂ ನಿಂತಿತು. ಮನ್ನೂಬಿಯಾ ಏಣಿ ಇಟ್ಟು ಆ ಕಿಟಕಿಯ ಮೂರು ಸರಗಳನ್ನು ಬಿಚ್ಚಿಕೊಂಡು ಹೋದರು. ಮಾರನೇ ದಿನ ಆ ಜಾಗದಲ್ಲಿ ಚೆಂಡುಹೂವಿನ ನಾಲ್ಕು ಡಬ್ಬಗಳಿದ್ದವು. ಸಲ್ಹಾ ಅವನ್ನೂ ನೋಡಲಿಲ್ಲ. ಆದರೂ ದಿನವೂ ಒಂಬತ್ತಕ್ಕೆ ಮನ್ನೂಬಿಯಾ ಅವಳ ಹಾಸಿಗೆಯ ಬಳಿ ನಿಂತು, "ಬರ್ತೀಯಾ ಮಗಳೇ?" ಎಂದು ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು.

ಆರನೆಯ ದಿನ ಅವಳು ತಲೆಯಾಡಿಸಿದಳು. ಆವತ್ತು ನನ್ನ ಕೈಯಲ್ಲಿ ಸೂಜಿ. ಮೇಷ್ಟರಗಿತ್ತಿಯ ಕೈಗೆ ಸೂಜಿ ಕೊಟ್ಟರೆ ಏನಾಗಬಹುದೋ ಅದೇ ಆಗುತ್ತಿತ್ತು. ಸಲ್ಹಾ ಸುಮಾರು ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಟೀಚರ್, ನಿಮಗೆ ಕಣ್ಣು ಕಾಣಲ್ವಾ?"

ಅವಳ ದನಿ ನಾನು ಕೇಳಿದ್ದು ಅದು ಎರಡನೇ ಸಲ.

"ತೊಟ್ಟಿಗೆ ಚುಚ್ಚಬೇಕು, ಹೊಟ್ಟೆಗಲ್ಲ. ಹೊಟ್ಟೆಗೆ ಚುಚ್ಚಿದ್ರೆ ನೀರಿಳಿದು ನಾಲ್ಕೇ ದಿನಕ್ಕೆ ಕೊಳೆಯುತ್ತೆ. ಮಕ್ಕಳಿಗೆ ಇದನ್ನೇನಾ ಕಲಿಸೋದು ನೀವು? ಕೊಡಿ ಇಲ್ಲಿ."

ಕೊಟ್ಟೆ. ಅವಳ ಬೆರಳುಗಳು ನನ್ನವಕ್ಕಿಂತ ನಾಲ್ಕು ಪಟ್ಟು ಬೇಗ ಓಡಿದವು. ಆರು ಕಾಯಿ, ಏಳು ಕಾಯಿ. ಎಂಟನೆಯದನ್ನು ಎತ್ತಿಕೊಂಡಾಗ ಕೈ ಹಾಗೇ ನಿಂತಿತು. ಸರವನ್ನು ನೆಲಕ್ಕೆಸೆದು ಮುಖ ಮುಚ್ಚಿಕೊಂಡಳು. ನೆಲ ಒರೆಸುತ್ತಿದ್ದ ಮನ್ನೂಬಿಯಾ ಕೋಲನ್ನು ಗೋಡೆಗೆ ಒರಗಿಸಿ, ಹಾಸಿಗೆಯ ಅಂಚಿನಲ್ಲಿ ಕೂತರು. ಕೆಲಸದವರು ರೋಗಿಯ ಹಾಸಿಗೆ ಮೇಲೆ ಕೂರುವ ಹಾಗಿಲ್ಲ. ನಜೀಹಾ ನೋಡಿಯೂ ನೋಡದವರಂತೆ ಒಳಗೆ ಹೋದರು.

"ನಿಮಗೇನು ಗೊತ್ತು ಖಾಲ್ತಿ," ಎಂದಳು ಸಲ್ಹಾ ಬಿಕ್ಕುತ್ತ. "ಮೈಮೇಲೆಲ್ಲ ಇದೇ ಬಿದ್ದಿತ್ತು. ಬಾಯಲ್ಲೂ ಇದೇ. ಅವಳ ಹೆಸರು ಹಿಡಿದು ಕೂಗಕ್ಕೆ ಹೋದ್ರೆ ಬಾಯಲ್ಲಿ ಇದೇ."

ಮನ್ನೂಬಿಯಾ ಅವಳ ಹೊದಿಕೆ ಸರಿಮಾಡಿದರು.

"ನಮ್ಮ ಲಾರೀಲಿ ಟೊಮೇಟೊ ಇತ್ತು," ಎಂದರು. "ಎರಡು ವರ್ಷ ಟೊಮೇಟೊ ಮುಟ್ಲಿಲ್ಲ ನಾನು. ನನ್ನ ಗಂಡ ಪಾಪ, ಬಿಳೀ ಸಾರು ಉಂಡ್ಕೊಂಡು ಎರಡು ವರ್ಷ ತೆಗೆದ."

ಸಲ್ಹಾ ಮುಖದ ಮೇಲಿನ ಕೈ ತೆಗೆದು ಅವರನ್ನು ನೋಡಿದಳು. ಅವರ ಸೊಂಟವನ್ನು ನೋಡಿದಳು. ಇಷ್ಟು ದಿನ ಆ ಕುಂಟುವ ನಡಿಗೆಯನ್ನು ಕಂಡಿದ್ದರೂ ಏನೆಂದು ಕೇಳಿರಲಿಲ್ಲ.

"ಆಮೇಲೆ?"

"ಆಮೇಲೆ ಒಂದಿನ ತಿಂದೆ. ಬೇಕು ಅನ್ನಿಸ್ತು, ತಿಂದೆ. ನಿಂಗೆ ಅನ್ನಿಸದಿದ್ರೆ ಬೇಡ. ಅವಸರ ಏನೂ ಇಲ್ಲ."

ಆ ದಿನ ಸಲ್ಹಾ ಮತ್ತೆ ಸೂಜಿ ಹಿಡಿಯಲಿಲ್ಲ. ಆದರೆ ಗುರುವಾರ ಕುಂಬಳಕಾಯಿ ಪಾತ್ರೆ ಬಂದಾಗ ತಟ್ಟೆ ಚಾಚಿದಳು. ಹರೀಸಾ ಸಾಲದು ಎಂದು ದೂರಿದಳು. ಮನ್ನೂಬಿಯಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಈರುಳ್ಳಿ ಹೆಚ್ಚಿದ್ದು ಎಂದರು. ಆ ಅಡುಗೆಗೆ ಈರುಳ್ಳಿ ಹಾಕುವುದಿಲ್ಲ.

ನಾನು ಮನೆಗೆ ಬಂದ ಮೇಲೂ ಸಲ್ಹಾ ಎರಡು ತಿಂಗಳು ಅಲ್ಲಿದ್ದಳು. ಡಿಸೆಂಬರಿನಲ್ಲಿ ಊರುಗೋಲಿನ ಮೇಲೆ ಹೊರಟಾಗ, ವಾರ್ಡಿನ ಪದ್ಧತಿಯಂತೆ, ಮನ್ನೂಬಿಯಾ ಒಣಗಿದ ಸರವೊಂದನ್ನು ಚೀಲಕ್ಕೆ ಹಾಕಿ ಕಟ್ಟಿಕೊಡಲೇ ಎಂದು ಕೇಳಿದರಂತೆ. ಬೇಡ ಅಂದರೂ ಬೇಜಾರಿಲ್ಲ ಎಂದೂ ಸೇರಿಸಿದರಂತೆ. ಸಲ್ಹಾ ಎರಡು ಕೇಳಿದಳು. ಒಂದು ತನ್ನ ಅಡುಗೆಮನೆಗೆ. ಇನ್ನೊಂದು ನಾದಿನಿಯ ಮನೆ ಬಾಗಿಲಿಗೆ. ಆ ಮನೆಯಲ್ಲಿ ಆ ವರ್ಷ ಯಾರೂ ತೋರಣ ಕಟ್ಟಿರಲಿಲ್ಲ.

ಅವಳು ಈಗ ಹೊಲಕ್ಕೆ ಹೋಗುವುದಿಲ್ಲ, ಮನೆಯಲ್ಲೇ ಹರೀಸಾ ರುಬ್ಬಿ ಮಾರುತ್ತಾಳೆ. ಬುಧವಾರ ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಬರುವಾಗ ವಾರ್ಡಿಗೆ ಒಂದು ಬುಟ್ಟಿ ಹಸಿ ಕಾಯಿ ತರುತ್ತಾಳೆ. ಹೊಸಬರಿಗೆ ಪೋಣಿಸುವುದನ್ನು ಕಲಿಸುವವಳೂ ಅವಳೇ. "ಟೀಚರ್ ಥರ ಚುಚ್ಚಬೇಡಿ" ಎಂಬುದು ಈಗ ಅಲ್ಲಿ ಗಾದೆಯಂತೆ ಬಳಕೆಯಲ್ಲಿದೆ ಎಂದು ಕೇಳಿದೆ. ನನ್ನದೇನೂ ಅಭ್ಯಂತರವಿಲ್ಲ.

ಏಳು ಗಂಟೆ. ಬೆಡ್‌ಪ್ಯಾನ್‌ಗಳ ಸುತ್ತು ಮುಗಿಸಿ ಮನ್ನೂಬಿಯಾ ಐದು ನಿಮಿಷದ ಬಿಡುವಿನಲ್ಲಿ ಮತ್ತೆ ಅಂಗಳಕ್ಕೆ ಬಂದಿದ್ದಾರೆ. ನಡು ಅಂಗಳದಲ್ಲಿ, ಎಲ್ಲ ಹದಿನಾಲ್ಕು ಹಾಸಿಗೆಗಳಿಗೂ ಕಾಣುವ ಜಾಗ ಹುಡುಕಿ, ನಿನ್ನೆ ಒಂದು ಗುಂಡಿ ತೋಡಿಸಿದ್ದಾರೆ. ಒದ್ದೆ ಗೋಣಿ ಸುತ್ತಿದ ದಾಳಿಂಬೆ ಸಸಿಯನ್ನು ಅದರಲ್ಲಿ ನಿಲ್ಲಿಸಿ, ನನ್ನ ಕೈಗೆ ಹಿಡಿಯಲು ಕೊಟ್ಟು, ಮಂಡಿಯೂರಿ ಮಣ್ಣು ಒತ್ತುತ್ತಾರೆ. ನೆಟ್ಟಗಿದೆಯೇ ಎಂದು ಕಿಟಕಿಯತ್ತ ಕೂಗಿ ಕೇಳುತ್ತಾರೆ. ಒಳಗಿನಿಂದ ಮೂರು ದನಿ ಎಡಕ್ಕೆ ಅನ್ನುತ್ತವೆ, ಎರಡು ಬಲಕ್ಕೆ.

ಹಣ್ಣು ಬಿಡಲು ಮೂರ್ನಾಲ್ಕು ವರ್ಷ ಬೇಕು. ಅವರ ನಿವೃತ್ತಿಗೆ ಎರಡೇ ವರ್ಷ. ಅದನ್ನು ಹೇಳಿದೆ.

"ಲೆಕ್ಕ ನಂಗೂ ಬರುತ್ತೆ ಟೀಚರ್," ಎಂದರು ಬುಡಕ್ಕೆ ನೀರು ಹೊಯ್ಯುತ್ತ. "ಆ ವರ್ಷ ಯಾರ ಕಾಲು ಮುರಿದಿರುತ್ತೋ, ಅವರು ತಿನ್ನಲಿ."