ಗುಳ್ಳೆ ಕಂಡ ಗೀತಮ್ಮ

ನಾನು ಹಾಲೇಶಪ್ಪ, ಚಳ್ಳಕೆರೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಹೇಳಿದವನು. ಆದರೆ ಬರೆಯಹೊರಟಿದ್ದು ನನ್ನ ಕಥೆಯಲ್ಲ, ನಮ್ಮ ಲ್ಯಾಬಿನ ಅಟೆಂಡರ್ ಗೀತಮ್ಮನದು. ಅವಳ ಹೆಸರೆತ್ತಿದರೆ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ?

ಮೊಳಕಾಲ್ಮುರಿನ ನೇಕಾರರ ಮನೆಯ ಹೆಣ್ಣುಮಗಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಓದಿದ್ದು ಎಸ್ಸೆಸ್ಸೆಲ್ಸಿ. ಮದುವೆಯಾಗಿ ಚಳ್ಳಕೆರೆಗೆ ಬಂದವಳು ತೊಂಬತ್ತರಲ್ಲಿ ಕೆಲಸಕ್ಕೆ ಸೇರಿದಳು. ಕಸ ಗುಡಿಸುವುದು, ಗಾಜು ತೊಳೆಯುವುದು, ಬೆಲ್ ಹೊಡೆಯುವುದು. ಅಷ್ಟಕ್ಕೇ ಇದ್ದಿದ್ದರೆ ನನಗೇನೂ ತೊಂದರೆ ಇರಲಿಲ್ಲ.

ಪ್ರತಿ ವರ್ಷ ಬಿಎಸ್ಸಿ ಹುಡುಗರಿಂದ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಬೇಕರಿಯ ಯೀಸ್ಟನ್ನು ಒಂದು ಟ್ಯೂಬಿನಲ್ಲಿ ಗ್ಲೂಕೋಸಿಗೆ, ಇನ್ನೊಂದರಲ್ಲಿ ಗ್ಯಾಲಕ್ಟೋಸ್ ಎಂಬ ಬೇರೆ ಸಕ್ಕರೆಗೆ ಹಾಕಬೇಕು. ಮೊದಲನೆಯದರಲ್ಲಿ ಬೇಗ ಗುಳ್ಳೆ ಏಳುತ್ತಿತ್ತು. ಎರಡನೆಯದು ನಾಲ್ಕು ಗಂಟೆಯ ಬೆಲ್ ಹೊಡೆದರೂ ಜಪ್ಪಯ್ಯ ಎನ್ನುತ್ತಿರಲಿಲ್ಲ. "ಗುಳ್ಳೆ ಇಲ್ಲ" ಎಂದು ರೆಕಾರ್ಡಿನಲ್ಲಿ ಬರೆಸಿ ಮನೆಗೆ ಹೋಗುತ್ತಿದ್ದೆ.

೨೦೦೧ರಲ್ಲಿ ಒಂದು ದಿನ ಹುಡುಗರ ಎದುರಿಗೇ ಗೀತಮ್ಮ ಬಾಯಿ ಹಾಕಿದಳು. "ಸಾರ್, ಅದ್ರಾಗೂ ಗುಳ್ಳೆ ಬರ್ತೈತೆ. ಬೆಳಿಗ್ಗೆ ತೊಳೆಯಾಕೆ ಹೋದಾಗ ಪ್ರತಿ ವರ್ಷ ನೋಡ್ತೀನಿ. ತಡ ಅಷ್ಟೆ."

"ನೀನು ತೊಳಿಯಮ್ಮ, ಪಾಠ ನಾನು ಮಾಡ್ತೀನಿ" ಎಂದು ಗದರಿದೆ. ಓಬಳೇಶ್ ಎಂಬ ತರಲೆ ವಿದ್ಯಾರ್ಥಿ ಸುಮ್ಮನಿರಬೇಕಲ್ಲ! ಮರುದಿನ ಬೆಳಿಗ್ಗೆಯೇ ಎಲ್ಲರನ್ನೂ ಕಟ್ಟಿಕೊಂಡು ಬಂದು ನೋಡಿದ. ಗುಳ್ಳೆಯೋ ಗುಳ್ಳೆ. ನನ್ನ ಮಾನ ಹರಾಜಾಯಿತು.

ಯಾಕೆ ತಡ ಎಂದು ಅವರು ಕೇಳಿದ್ದು ನನ್ನನ್ನಲ್ಲ, ಅವಳನ್ನು. ಅವಳು ಟ್ಯೂಬ್ ಉಜ್ಜುತ್ತಲೇ ಹೇಳಿದಳು: "ಆ ಸಕ್ಕರೆ ಅರಗಿಸೋ ಜೀನು ಮೊದ್ಲು ಸುಮ್ನೆ ಇರ್ತೈತೆ. ಅದರ ತಲೆ ಹತ್ರ ಒಂದು ಪ್ರೋಟೀನು ಕೂತೇ ಇರ್ತೈತೆ, ನಮ್ಮೋರು ಮಗ್ಗದಾಗೆ ಕೂತಂಗೆ. ಇನ್ನೊಂದು ಪ್ರೋಟೀನು ಅದರ ಕೈ ಹಿಡ್ಕಂಡಿರ್ತೈತೆ, ರೇಷ್ಮೆ ಬರೋಗಂಟ ಮುಟ್ಬೇಡ ಅಂತ. ಗ್ಯಾಲಕ್ಟೋಸ್ ಬಂತು ಅಂದ್ರೆ ಮೂರನೇದು ಹೋಗಿ ಆ ಕೈ ಬಿಡಿಸ್ತೈತೆ. ಆಗ ಕೂತಿದ್ದ ಮೊದಲನೇದು ಜೀನಿನ ನಕಲು ತೆಗೆಯೋ ಯಂತ್ರಾನ ಕರೀತೈತೆ. ಅದಕ್ಕೇ ಹೊತ್ತು ಹಿಡಿಯೋದು."

ಒಂದಕ್ಷರ ತಪ್ಪಿಲ್ಲ! ವರ್ಷಗಟ್ಟಲೆ ಇದನ್ನೇ ನಾನು, ಆ ಟ್ಯೂಬಿಗೆ ಗಂಟು ಹಾಕದೆ, ನೋಟ್ಸಿನಿಂದ ಓದಿ ಹೇಳಿದರೆ ತೂಕಡಿಸುತ್ತಿದ್ದ ಹುಡುಗರು ಅವಳ ಸುತ್ತ ಮೈಯೆಲ್ಲ ಕಿವಿಯಾಗಿ ನಿಂತಿದ್ದರು. ಥೂ, ಎಂಎಸ್ಸಿ ಮಾಡಿದವನು ನಾನೋ ಅವಳೋ? ಮೈಗೆ ಮೆಣಸಿನಪುಡಿ ಎರಚಿದ ಹಾಗಾಯಿತು.

ಅದೇ ತಿಂಗಳು ಲ್ಯಾಬ್ ಅಸಿಸ್ಟೆಂಟ್ ಹುದ್ದೆಗೆ ಅವಳು ಅರ್ಜಿ ಹಾಕಿದಳು. ನನ್ನ ಶಿಫಾರಸು ಪತ್ರ ಇಲ್ಲದೆ ಅದು ಮುಂದಕ್ಕೆ ಹೋಗುವಂತಿರಲಿಲ್ಲ. "ಸಾರ್, ಕಾಗ್ದ?" ಎಂದು ದಿನಾ ಕೇಳುವಳು. "ನಾಳೆ ಕೊಡ್ತೀನಮ್ಮ" ಎನ್ನುವೆ. ಬೇಕೆಂದೇ ಬರೆಯಲಿಲ್ಲ. ಕೊನೆಯ ದಿನ ಕಳೆಯಿತು, ಹುದ್ದೆ ಬೇರೆಯವರ ಪಾಲಾಯಿತು.

ಅವಳು ಅತ್ತಿದ್ದರೆ, ಶಾಪ ಹಾಕಿದ್ದರೆ ನನಗೂ ಸಮಾಧಾನ ಆಗುತ್ತಿತ್ತು. ಎಂದಿನಂತೆ ಬಂದು ಕಸ ಗುಡಿಸತೊಡಗಿದಳು. ತಡೆಯಲಾರದೆ ಕೇಳಿಯೇಬಿಟ್ಟೆ: "ಆವತ್ತು ಹುಡುಗರಿಗೆ ಹೇಳಿದ್ಯಲ್ಲ, ಅದನ್ನೆಲ್ಲ ನಿನಗೆ ಕಲಿಸಿದ ಪುಣ್ಯಾತ್ಮ ಯಾರಮ್ಮ?"

"ಇನ್ಯಾರು ಸಾರ್, ನೀವೇ" ಎಂದಳು. "ಹನ್ನೊಂದು ವರ್ಷದಿಂದ ಬಾಗಿಲಾಚೆ ಕೂತು ನಿಮ್ಮ ಪಾಠ ಕೇಳ್ತಿದೀನಲ್ರಿ."

ನನ್ನ ಪಾಠವನ್ನು ಎಚ್ಚರವಾಗಿ ಕೂತು ಕೇಳಿದ ಒಬ್ಬಳೇ ಒಬ್ಬ ಶಿಷ್ಯೆ. ಅವಳ ಅನ್ನಕ್ಕೇ ನಾನು ಕಲ್ಲು ಹಾಕಿದ್ದೆ.