ಬಿಚ್ಚದೆ ತಂದ ಕಟ್ಟು

ನಮ್ಮ ಕರಾವಳಿಯವರು ರಜೆ ಮುಗಿಸಿ ಸೌದಿಗೆ ಹೊರಟರೆಂದರೆ ಅವರ ಪೆಟ್ಟಿಗೆ ಅವರದಲ್ಲ. ಅರ್ಧ ಪೆಟ್ಟಿಗೆ ಕೇರಿಯವರದು. ಒಬ್ಬರ ಮಗನಿಗೆ ಉಪ್ಪಿನಕಾಯಿ, ಇನ್ನೊಬ್ಬರ ಅಳಿಯನಿಗೆ ಹಲ್ವಾ, ಯಾರದೋ ಗಂಡನಿಗೆ ಒಣಮೀನು. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಸುತ್ತಲೂ ಹೊಲಿಗೆ ಹಾಕಿ ತಂದುಕೊಡುತ್ತಾರೆ. ತೆಗೆದುಕೊಂಡವನು ಬಿಚ್ಚುವಂತಿಲ್ಲ. ಅದು ಅಮಾನತ್. ನಂಬಿ ಕೊಟ್ಟ ವಸ್ತು, ಕೊಟ್ಟ ಹಾಗೆಯೇ ತಲುಪಬೇಕು. ಮದರಸದಲ್ಲಿ ಉಸ್ತಾದರು ಹೇಳಿದ್ದು ಅದನ್ನೇ, ಮನೆಯಲ್ಲಿ ಅಮ್ಮ ಕಿವಿ ಹಿಂಡಿ ಕಲಿಸಿದ್ದೂ ಅದನ್ನೇ. ಸಣ್ಣವಳಿದ್ದಾಗ ಪೇಪರಿನಲ್ಲಿ "ಅಧಿಕಾರಿ ಅಮಾನತು" ಎಂದು ಓದಿ, ಅವರನ್ನು ಯಾರ ಮನೆಯಲ್ಲಿ ಇಟ್ಟಿದ್ದಾರೆ ಎಂದು ಕೇಳಿ ಮನೆಯವರನ್ನೆಲ್ಲ ನಗಿಸಿದವಳು ನಾನು.

ಅದೇ ಮಾತು ಒಬ್ಬನ ಕುತ್ತಿಗೆಗೆ ಬರುತ್ತದೆಂದು ಯಾರು ಕಂಡಿದ್ದರು.

ಇಲ್ಲಿ ಸೌದಿಯಲ್ಲಿ, ದಮ್ಮಾಮಿನ ಹತ್ತಿರದ ಥುಕ್ಬಾದಲ್ಲಿ ನಮ್ಮದು ಹಳೇ ಕಟ್ಟಡ. ನನ್ನ ಗಂಡ ರಾಸ್ ಅಲ್ ಖೈರಿನ ಪ್ಲಾಂಟಿನಲ್ಲಿ ಕೆಲಸ ಮಾಡುವುದು, ವಾರದ ಕೊನೆಗೆ ಮಾತ್ರ ಮನೆಗೆ ಬರುವುದು. ಉಳಿದ ದಿನ ನನಗೆ ಜೊತೆ ಎಂದರೆ ಕೆಳಗಿನ ಮನೆಯವಳು. ಅವಳ ತಮ್ಮ ಎ.ಸಿ. ರಿಪೇರಿ ಮಾಡುವವನು. ನಮ್ಮ ಮನೆಯ ಎ.ಸಿ. ಇವತ್ತಿಗೂ ತಣ್ಣಗೆ ಬೀಸುತ್ತಿರುವುದು ಅವನ ಕೈಯಿಂದ. ಅವನು ಊರಿಗೆ ಹೋಗಿ ಮರಳುವಾಗ ಪರಿಚಯದವನೊಬ್ಬ ಒಂದು ಕಟ್ಟು ಕೊಟ್ಟ. ಅಲ್ ಅಹ್ಸಾದಲ್ಲಿರುವ ತನ್ನ ಅಣ್ಣನಿಗೆ, ಬರೀ ಹಲ್ವಾ ಎಂದ. ಇವನು ಪೆಟ್ಟಿಗೆಯ ಮೂಲೆಯಲ್ಲಿಟ್ಟು ತಂದ. ದಮ್ಮಾಮ್ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಕಟ್ಟು ಕೊಯ್ದರೆ, ಹಲ್ವಾದ ಡಬ್ಬದ ತಳದಲ್ಲಿ ನಶೆಯ ಗುಳಿಗೆ. ಕೊಟ್ಟವನ ಫೋನ್ ಅಂದಿನಿಂದ ಸ್ವಿಚ್ ಆಫ್. ಅಲ್ ಅಹ್ಸಾದ ಅಣ್ಣ ಇದ್ದಾನೋ ಇಲ್ಲವೋ ಅಲ್ಲಾಹನಿಗೇ ಗೊತ್ತು.

ಬಿಚ್ಚಿ ನೋಡಲಿಲ್ಲವೇ ಎಂದು ಪೊಲೀಸರು ಕೇಳಿದರಂತೆ. ಇವನಿಗೆ ಬರುವುದು ಕೆಲಸದ ಅರಬ್ಬಿ, ಯಲ್ಲಾ, ಖಲಾಸ್, ಅಷ್ಟೇ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು. ಅರಬ್ಬಿಯಲ್ಲೂ ಅದೇ ಮಾತು ಉಂಟಲ್ಲ ಎಂಬ ಧೈರ್ಯದಿಂದ, ಅಮಾನ, ಅಮಾನ ಎಂದ. ಬೇರೆಯವರದು, ಅದಕ್ಕೇ ಮುಟ್ಟಲಿಲ್ಲ ಎನ್ನುವುದು ಅವನ ಅರ್ಥ. ಹೇಳಿಕೆ ಬರೆದುಕೊಂಡವರಿಗೆ ಕೇಳಿಸಿದ್ದೇ ಬೇರೆ. ತಲುಪಿಸುತ್ತೇನೆಂದು ಒಪ್ಪಿ, ತನ್ನ ಜವಾಬ್ದಾರಿಯಲ್ಲಿ ಇಟ್ಟುಕೊಂಡಿದ್ದ ಎಂದು. ಜೈಲಿಗೆ ಹೋಗಿ ಬರುವ ನಮ್ಮ ಕಡೆಯ ಒಬ್ಬ ಸಮಾಜಸೇವಕರು ಇದನ್ನು ತಿಳಿದು ಬಂದು ಹೇಳಿದರು. ಸರಕಾರದ ವಕೀಲರು ಮರಣದಂಡನೆ ಕೇಳಿದ್ದಾರೆ ಎಂದೂ ಅವರೇ ಹೇಳಿದ್ದು. ಕೆಳಗಿನವಳು ನನ್ನ ಕೈ ಹಿಡಿದುಕೊಂಡು, ಯಾರಿಗೂ ಹೇಳಬೇಡಿ ಅಕ್ಕ, ಊರಲ್ಲಿ ಇನ್ನೂ ಮದುವೆಯಾಗದ ತಂಗಿ ಇದ್ದಾಳೆ ಎಂದಳು. ನಾನು ಹೇಳಲಿಲ್ಲ. ಅದೂ ಒಂದು ಅಮಾನತ್ತೇ.

ಪ್ರತಿ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಝಿನ ನಂತರ ನಮ್ಮ ಮನೆಯ ಹಾಲ್‌ನಲ್ಲಿ ಹೆಂಗಸರು ಸೇರುತ್ತೇವೆ. ಕೆಲವರ ಮನೆಮಾತು ನವಾಯತಿ, ಕೆಲವರದು ಬ್ಯಾರಿ, ಹಾಗಾಗಿ ಎಲ್ಲರಿಗೂ ಸೇರಿ ಕನ್ನಡ. ಸ್ವಲ್ಪ ಕುರ್‌ಆನ್ ಓದುವುದು, ಆಮೇಲೆ ಚಾ, ಗೋಳಿಬಜೆ, ಊರಿನ ಸುದ್ದಿ. ತೀರ್ಪಿಗೆ ಒಂದು ವಾರ ಇರುವಾಗ, ಬಟ್ಟೆ ಅಂಗಡಿಯವರ ಹೆಂಡತಿ, ನಾವೆಲ್ಲ ಅಂಗಡಿಯವರು ಎಂದೇ ಕರೆಯುವವರು, ಮೊಬೈಲ್ ತೆಗೆದು ಒಂದು ಸುದ್ದಿ ಓದಿದರು. ಗುಳಿಗೆ ಸಾಗಿಸಿದ ಯಾರಿಗೋ ಮರಣದಂಡನೆ ಜಾರಿಯಾಯಿತು ಎಂದು. ಶುರುವಾಯಿತು.

ಶಾಲೆಯ ಟೀಚರ್ ಒಬ್ಬರು ಬರುತ್ತಾರೆ ನಮ್ಮಲ್ಲಿ. ಇದರಿಂದ ಎಂತ ಆಯಿತು, ಮಾಲಿನ ಯಜಮಾನ ಎಲ್ಲೋ ಹಾಯಾಗಿ ಕೂತಿದ್ದಾನೆ, ಸಾಯುವುದು ಹೊತ್ತು ತಂದವನು ಎಂದರು, ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ. ಅಂಗಡಿಯವರು ಬಿಡಲಿಲ್ಲ. ಅವರ ಅಕ್ಕನ ಮಗ ಊರಿನಲ್ಲಿ ಇದೇ ಗುಳಿಗೆ ನುಂಗಿ ಹಾಳಾದವನು, ತಾಯಿಯ ಮೇಲೆ ಕೈ ಮಾಡಿದವನು. ಅದನ್ನು ಹೇಳುವಾಗ ಅವರು ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸ್ ಇಟ್ಟರು. ಒಬ್ಬನ ತಲೆ ಕಡಿದರೆ ಎಷ್ಟು ತಾಯಂದಿರು ಉಳಿಯುತ್ತಾರೆ ಎಂದು ಕೇಳಿದರು.  ನನಗೆ ಸಿಟ್ಟು ಬಂದದ್ದು ಇಬ್ಬರ ಮೇಲೂ. ಒಬ್ಬರು ಕಡಿಯಬೇಕು ಎನ್ನುತ್ತಾರೆ, ಇನ್ನೊಬ್ಬರು ಕಡಿಯಬಾರದು ಎನ್ನುತ್ತಾರೆ, ನಡುವೆ ಚಟ್ನಿ ಈ ಕಡೆ ಕೊಡಿ ಎನ್ನುತ್ತಾರೆ. ಕೆಳಗಿನವಳು ಬಾಗಿಲ ಪಕ್ಕ ಕೂತು ಎಲ್ಲರಿಗೂ ಚಾ ಬಗ್ಗಿಸುತ್ತಿದ್ದಳು. ಲೋಟ ತುಂಬಿ ತಟ್ಟೆಗೆ ಚೆಲ್ಲುತ್ತಿದ್ದರೂ ಅವಳು ನಿಲ್ಲಿಸಲಿಲ್ಲ.

"ಗೊತ್ತಿಲ್ಲದೆ ತಂದೆ ಅಂತಾರಲ್ಲ, ಅದೆಲ್ಲ ಸುಳ್ಳು ಮಾರಾಯ್ತಿ," ಎಂದರು ಅಂಗಡಿಯವರು. "ಗೊತ್ತಿಲ್ಲದವನು ಬಿಚ್ಚಿ ನೋಡ್ತಾನೆ. ಬಿಚ್ಚದವನಿಗೆ ಒಳಗೆ ಎಂತ ಉಂಟು ಅಂತ ಗೊತ್ತುಂಟು."

ನಾನು ಹೆಚ್ಚು ಮಾತಾಡುವವಳಲ್ಲ. ಆದರೆ ಆ ಹೊತ್ತಿಗೆ ತಡೆಯಲಾಗಲಿಲ್ಲ.

"ಹೋದ ರಮ್ಝಾನಿಗೆ ನಿಮ್ಮ ಅಮ್ಮನಿಗೆ ಒಂದು ಕಟ್ಟು ಕಳಿಸಿದ್ರಲ್ಲ, ನಮ್ಮವರ ಕೈಯಲ್ಲಿ? ಒತ್ತೊತ್ತಾಗಿ ಹೊಲಿದು ಕೊಟ್ಟಿದ್ರಿ. ಅವರು ಬಿಚ್ಚಿ ನೋಡಿದ್ರೆ ನೀವು ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಿದ್ರಾ?"

ಅಂಗಡಿಯವರು ಮೊಬೈಲನ್ನು ಪರ್ಸಿಗೆ ಹಾಕಿ ಜಿಪ್ ಎಳೆದರು. ಟೀಚರ್ ನಗಲು ಹೊರಟು ನನ್ನ ಮುಖ ನೋಡಿ ಲೋಟ ಎತ್ತಿಕೊಂಡರು. ಆಗ ಬಾಗಿಲ ಕಡೆಯಿಂದ ಕೆಳಗಿನವಳ ಸ್ವರ ಬಂತು, ಏನೋ ಅಡುಗೆಯ ವಿಷಯ ಹೇಳುವ ಹಾಗೆ ತಗ್ಗಿಸಿ.

"ಬಿಚ್ಚಬೇಡ ಅಂತ ಅವನಿಗೆ ಕಲಿಸಿದ್ದು ನಾನು. ನನ್ನ ತಮ್ಮ, ಇಂಥದ್ದೇ ಕೇಸಿನಲ್ಲಿ ಒಳಗಿದ್ದಾನೆ. ಬರುವ ವಾರ ತೀರ್ಪು."

ಎಲ್ಲರೂ ಅವಳ ಸುತ್ತ ಬಂದು ಕೂತರು. ಅಂಗಡಿಯವರೂ ಬಂದು, ಅವಳ ತಲೆ ಸವರಿ, ನಿನ್ನ ತಮ್ಮ ಅಂತ ಗೊತ್ತಿದ್ದರೆ ನಾನು ಹೇಳುತ್ತಲೇ ಇರಲಿಲ್ಲ ಎಂದು ಕಣ್ಣೊರೆಸಿಕೊಂಡರು. ನನಗೆ ಸಮಾಧಾನವಾಗುವ ಬದಲು ಇನ್ನಷ್ಟು ರೇಗಿತು. ಹೇಳುತ್ತಿರಲಿಲ್ಲ, ಅಷ್ಟೇ. ಹಾಗಾದರೆ ಯಾರ ತಮ್ಮನಾದರೆ ಹೇಳಬಹುದು? ಕೇಳಲಿಲ್ಲ ನಾನು. ಅಳುವವಳ ಮುಂದೆ ಜಗಳ ತೆಗೆಯುವುದು ಸರಿಯಲ್ಲ. ಎದ್ದು ಹೋಗಿ ತಟ್ಟೆಗಳನ್ನು ತೊಳೆದೆ. ಒಂದಂತೂ ಆಯಿತು, ಅಲ್ಹಮ್ದುಲಿಲ್ಲಾಹ್. ಆ ದಿನದಿಂದ ಅವಳು ಗುಟ್ಟು ಹೊತ್ತುಕೊಂಡು ಒಬ್ಬಳೇ ಅಳಬೇಕಾಗಲಿಲ್ಲ.

ತೀರ್ಪಿನ ದಿನ ಕೋರ್ಟಿನಲ್ಲಿ ಉರ್ದು ಬಲ್ಲ ದುಭಾಷಿ ಸಿಕ್ಕಿದರು, ಉರ್ದು ನಮ್ಮ ಹುಡುಗನಿಗೂ ಬರುತ್ತದೆ. ಸಮಾಜಸೇವಕರು ಓಡಾಡಿ ಕೇಳಿಕೊಂಡದ್ದರ ಫಲ. ಅಮಾನ ಎಂದು ಏಕೆ ಹೇಳಿದೆ ಎಂದು ನ್ಯಾಯಾಧೀಶರು ಕೇಳಿದರಂತೆ. ನಮ್ಮಲ್ಲಿ ಬೇರೆಯವರ ಕಟ್ಟು ಬಿಚ್ಚುವುದಿಲ್ಲ ಸ್ವಾಮಿ ಎಂದನಂತೆ. ಅವರು ಹಳೆಯ ಹೇಳಿಕೆಯ ಹಾಳೆ ತೆಗೆದು ಮತ್ತೊಮ್ಮೆ ಓದಿದರು ಎಂದು ಸಮಾಜಸೇವಕರು ಹೇಳಿದರು. ಮೊದಲ ತಪ್ಪು ಎಂದೋ, ನಂಬಿಕೆ ಬಂತೆಂದೋ, ಪ್ರಾಣ ಉಳಿಯಿತು. ಜೈಲು ತಪ್ಪಲಿಲ್ಲ. ಹೊರಗೆ ಬರುವಾಗ ಅವನ ತಲೆ ನರೆತಿರುತ್ತದೆ. ಕೆಳಗಿನವಳು ಸುದ್ದಿ ಕೇಳಿ ಅಲ್ಲೇ ನೆಲಕ್ಕೆ ಹಣೆಯಿಟ್ಟು ಸಜ್ದಾ ಮಾಡಿದಳು. ನಾನೂ ಮಾಡಿದೆ. ಎದ್ದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸುತ್ತಾ, ಇದಕ್ಕೆ ಖುಷಿ ಪಡುವ ಹಾಗಾಯಿತಲ್ಲ ಅಕ್ಕ ಎಂದಳು. 

ಮೊನ್ನೆ ನಮ್ಮವರು ಊರಿಗೆ ಹೊರಟರು. ಈ ಸಲ ಯಾರ ಕಟ್ಟೂ ಬೇಡ ಎಂದು ಹೇಳಿಬಿಡೋಣವೆಂದು ನಾನಿದ್ದೆ. ಅಷ್ಟರಲ್ಲಿ ಅಂಗಡಿಯವರು ಬಂದರು. ಕೈಯಲ್ಲಿ ತಾಯಿಗೆ ಕಳಿಸುವ ಸಾಮಾನು. ಬಟ್ಟೆ ಮಡಚಿತ್ತು, ಹೊಲಿದಿರಲಿಲ್ಲ. ಅಂಚಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡು ಬಂದಿದ್ದರು.

"ನೀವೇ ಒಳಗೆ ನೋಡಿ ಹೊಲಿಯಿರಿ," ಎಂದರು, ಕಿಟಕಿಯ ಕಡೆ ನೋಡುತ್ತಾ.

ಖರ್ಜೂರದ ಡಬ್ಬ, ಮಂಡಿನೋವಿನ ಎಣ್ಣೆ, ಒಂದು ನಮಾಝಿನ ಬಟ್ಟೆ. ಅವರ ಎದುರೇ ಡಬ್ಬದ ತಳ ತಟ್ಟಿ ನೋಡುವಾಗ ನನ್ನ ಮುಖ ಬಿಸಿಯಾಯಿತು. ತಾಯಿಗೆ ಕಳಿಸುವುದನ್ನು ಹೀಗೆ ತಡಕಬೇಕಾದ ಕಾಲ ಬಂತಲ್ಲ. ಅವರ ಅಭಿಪ್ರಾಯವೇನೂ ಬದಲಾಗಿಲ್ಲ, ಹೋದ ಶುಕ್ರವಾರವೂ ಕಡಿಯಬೇಕು ಎಂದೇ ಹೇಳಿದ್ದಾರೆ, ಕೆಳಗಿನವಳು ಚಾ ತರಲು ಒಳಗೆ ಹೋದಾಗ. ಹೊಲಿಗೆ ಮುಗಿಯುವವರೆಗೆ ಅವರು ಕೂತಿದ್ದರು. ಹೋಗುವಾಗ ಮೆಟ್ಟಿಲ ಬಳಿ ನಿಂತು, ಅವಳ ತಮ್ಮನಿಗೆ ಜೈಲಿನಿಂದ ಫೋನ್ ಮಾಡಲು ಬಿಡುತ್ತಾರಾ ಎಂದು ಕೇಳಿದರು. ಬಿಡುತ್ತಾರೆ ಎಂದೆ. ಹಾಗಾದರೆ ನನ್ನ ಸಲಾಮ್ ತಿಳಿಸಲು ಅವಳಿಗೆ ಹೇಳಿ ಎಂದವರೇ, ಕೆಳಗಿನ ಮನೆಯ ಬಾಗಿಲು ದಾಟಿ ಬೇಗ ಬೇಗ ಇಳಿದು ಹೋದರು.

ಆ ಸಲಾಮನ್ನು ನಾನು ಅದೇ ಸಂಜೆ ಕೆಳಗಿನವಳಿಗೆ ತಲುಪಿಸಿದೆ.